ಬಲಗಡೆಯ ಎಸಳು

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ, ಡ್ಯೂಟಿ ಮುಗಿಸಿ ಬರುವಾಗ,
ಗೋಣಿತಾಟಿನ ಮೇಲೆ ಗುಡ್ಡೆ ಹಾಕಿದ ಅವರೆಕಾಯಿ.
ಒಂದನ್ನು ಮುರಿದು ಮೂಗಿಗೆ ಹಿಡಿದೆ.
ಸೊಗಡು ಬಂದಿದೆ. ಅಂದರೆ ಇಬ್ಬನಿ ಬಿದ್ದಿದೆ.
ಅಂದರೆ ಇನ್ನು ಒಂದೂವರೆ ತಿಂಗಳು
ನಮ್ಮನೆಯಲ್ಲಿ ಬೇರೆ ಸಾರಿನ ಮಾತಿಲ್ಲ.

ಅತ್ತೆ ಚೀಲದೊಳಗೆ ಮುಖವಿಟ್ಟು ಉಸಿರೆಳೆದು
"ಎಷ್ಟು ಕೊಟ್ಟೆ?" ಎಂದರು.
ಕೇಜಿಗೆ ಹತ್ತು ರೂಪಾಯಿ ಕಮ್ಮಿ ಹೇಳಿದೆ.
ಮದುವೆಯಾದಾಗಿನಿಂದ ನಡೆದು ಬಂದಿದ್ದು ಇದು:
ನಾನು ಕಮ್ಮಿ ಹೇಳುವುದು,
ಅವರು ನಂಬದೆ ಸುಮ್ಮನಿರುವುದು.

ಹೋದ ಶನಿವಾರ ಒಪ್ಪೊತ್ತಿನಲ್ಲಿದ್ದವರು
ಬಟ್ಟೆ ಒಣಹಾಕುತ್ತ ಹಾಗೇ ಕುಸಿದು ಕೂತರು.
ಅವರ ಬೆರಳಿಗೆ ಸೂಜಿ ಚುಚ್ಚಿದ್ದು ನಾನೇ.
ಆಸ್ಪತ್ರೆಯಲ್ಲಿ ದಿನಕ್ಕೆ ಎಂಬತ್ತು ಜನರ ರಕ್ತ ತೆಗೆಯುವ ಕೈ,
ಮನೆಯಲ್ಲಿ ನಡುಗಿತು.
ಐವತ್ತೆಂಟು.
"ಮಾತ್ರೆ ತಗೊಳ್ಳೋರು ಉಪವಾಸ ಇರಂಗಿಲ್ಲ ಅಮ್ಮ" ಎಂದರು ಡಾಕ್ಟರು.
"ಮೂವತ್ತೊಂದು ವರ್ಷದ ಶನಿವಾರ" ಎಂದರು ಅತ್ತೆ,
ಅವನೇನೋ ಸಾಲ ಕೊಟ್ಟವನು,
ಇವರು ಕಂತು ತಪ್ಪಿಸಿದವರು ಎಂಬಂತೆ.
ಕೊನೆಗೆ, "ಅವನನ್ನೇ ಕೇಳ್ತೀನಿ."

ಹಾಗಾಗಿ ಶುಕ್ರವಾರ ಸಂಜೆ,
ಮಾವಿನಕೆರೆ ರಂಗನಾಥನ ಪಟದ ಗಾಜಿಗೆ
ನೀರಲ್ಲಿ ಅದ್ದಿದ ಎರಡು ಸೇವಂತಿಗೆ ಎಸಳು.
ಬಲಗಡೆಯದು ಬಿದ್ದರೆ ಊಟ.
ಎಡಗಡೆಯದು ಬಿದ್ದರೆ, ಡಾಕ್ಟರಿಗಿಂತ ದೊಡ್ಡವನು ಅವನು.

ಎಸಳು ಬೀಳುವ ತನಕ ಕೈ ಸುಮ್ಮನಿರುತ್ತದೆಯೇ?
ನೆನೆದ ಕಾಳಿನ ಬೇಸಿನ್ ನಡುವೆ ಇಟ್ಟುಕೊಂಡು
ಚಾಪೆಯ ಮೇಲೆ ಕೂತೆವು, ಹಿತಕುವುದಕ್ಕೆ.
ಹೊರಗೆ ಮಾರ್ಗಶಿರದ ಚಳಿ, ಕಿಟಕಿಯ ಸಂದಿಗೆ ಹಳೇ ಟವೆಲ್ಲು.
ಮಗಳು ಇಂಪನಾ, ಬೇಳೆ ಒಂದು ಕಡೆ ಸಿಪ್ಪೆ ಒಂದು ಕಡೆ ಬೀಳಿಸಲಾರದೆ
ಎರಡನ್ನೂ ಬಾಯಿಗೆ ಹಾಕಿಕೊಂಡಳು.
ಡಿಪೋದಿಂದ ಧರಣೇಶನ ಫೋನು:
"ನಂಗೆ ಮಿಗ್ಸಿ. ಅಮ್ಮ ಏನಂದ್ರು?"
"ಇನ್ನೂ ಬಿದ್ದಿಲ್ಲ" ಎಂದೆ.

ಎಂಟಾಯಿತು. ಎಂಟೂವರೆ.
ಎಸಳುಗಳು ಗಾಜಿಗೆ ಬೆಸುಗೆ ಹಾಕಿದ ಹಾಗೆ.
ಅತ್ತೆ ಪ್ರತಿ ಕಾಳಿಗೂ ಒಮ್ಮೆ ತಲೆಯೆತ್ತುವರು.

ಮಾವ ಮೂಲೆಯ ಸ್ಟೂಲಿನ ಮೇಲಿದ್ದರು, ಮಫ್ಲರು ಸುತ್ತಿಕೊಂಡು.
ಕೆಇಬಿಯಲ್ಲಿ ಲೈನ್‌ಮನ್ನಾಗಿ ಕಂಬ ಹತ್ತಿದವರು.
ಜೊತೆಯವನೊಬ್ಬ ಬೆಳಿಗ್ಗೆ ಪೂಜೆ ಮಾಡಿ ಬಂದವನು
ಮಧ್ಯಾಹ್ನ ತಂತಿಯಲ್ಲೇ ಉಳಿದದ್ದನ್ನು ನೋಡಿದವರು.
ಆವತ್ತಿನಿಂದ ಅವರು ಕೈ ಮುಗಿದಿಲ್ಲ,
ಅತ್ತೆಯ ಕೈಯನ್ನು ಬಿಡಿಸಿಯೂ ಇಲ್ಲ.

ಒಳಗೆ ಕುಕ್ಕರು ಕೂಗಿತು. ಅತ್ತೆ ಎದ್ದು ಹೋದರು.

ಆಗ ನೋಡಿದೆ:
ಮಾವ ಬೇಸಿನ್ನಿಗೆ ಬಗ್ಗಿ ದಪ್ಪ ಕಾಳೊಂದನ್ನು ಆರಿಸಿ
ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು
ಒಂದು ಕಣ್ಣು ಮುಚ್ಚಿ
ಫ್ಯೂಸು ಕಟ್ಟುವಾಗಿನ ಗಂಭೀರ ಮುಖದಲ್ಲಿ
ಹಿಸುಕಿದರು.
ಬೇಳೆ ಹಾರಿ ಗಾಜಿಗೆ ಟಣ್ ಎಂದಿತು.
ಸ್ವಲ್ಪ ಮೇಲಕ್ಕಾಯಿತು. ಇನ್ನೊಂದು.
ಎರಡನೆಯದು ಸರಿಯಾಗಿ.

"ಅಜ್ಜೀ, ಬಿತ್ತು!" ಎಂದು ಕಿರುಚಿದವಳು ಇಂಪನಾ.
ಬಲಗಡೆಯದು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು.
ಎಸಳನ್ನು ಕಣ್ಣಿಗೊತ್ತಿಕೊಂಡು ಮುಡಿದರು.
ಆಮೇಲೆ ಬಗ್ಗಿ, ದೀಪದ ಬುಡದಿಂದ ಒಂದು,
ಗಂಟೆಯ ಮಗ್ಗುಲಿಂದ ಒಂದು,
ಎರಡೂ ಬೇಳೆ ಹೆಕ್ಕಿ, ಊದಿ,
ಮಾತಾಡದೆ ಪಾತ್ರೆಗೆ ಹಾಕಿದರು.
ಮಾವ ಮಫ್ಲರು ಸರಿಮಾಡಿಕೊಂಡು
ನಿನ್ನೆಯ ಪೇಪರಿನಲ್ಲಿ ಏನೋ ಹುಡುಕತೊಡಗಿದರು.

ಶನಿವಾರ ಬೆಳಿಗ್ಗೆ ಅಕ್ಕಿರೊಟ್ಟಿ, ಹಿತಕಿದ ಬೇಳೆ ಸಾರು.
ಮೊದಲ ತುತ್ತು ಅತ್ತೆಯ ಗಂಟಲಲ್ಲಿ ಸ್ವಲ್ಪ ನಿಂತಿತು,
ಮೂವತ್ತೊಂದು ವರ್ಷ ಅಲ್ಲವೇ.
ನೀರು ಕುಡಿದರು. ಇನ್ನೊಂದು ತುತ್ತು.
ನಂತರ ಸೌಟು ತೆಗೆದುಕೊಂಡು
ಮಾವ ಬೇಡ ಬೇಡವೆನ್ನುತ್ತಿದ್ದರೂ
ತಟ್ಟೆಗೆ ಮತ್ತೊಂದು ಸಲ ಬಡಿಸಿದರು,
ತಳದಿಂದ, ಬರೀ ಬೇಳೆ.

ನನ್ನ ಉಗುರಿನ ಕಪ್ಪು ಇನ್ನೂ ಹೋಗಿಲ್ಲ.
ಇವತ್ತು ಆಸ್ಪತ್ರೆಯಲ್ಲಿ, ತೋಳು ಚಾಚಿದ ಮುದುಕಿಯೊಬ್ಬಳು
ಗ್ಲೌಸು ಹಾಕುವ ಮೊದಲೇ ನನ್ನ ಕೈ ಹಿಡಿದು ಮೂಸಿ,
"ನಿಮ್ಮನೇಲೂ ಅವರೇಕಾಯಾ ಮಗಾ?" ಎಂದಳು.